ಮಳೆಗಾಲಕ್ಕೊಂದು ಬಿಡಾರ, ಮಗಳಿಗೊಂದು ಬಾಗಿಲು

ಪ್ರಶ್ನೆ: ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಅಕ್ಟೋಬರಿನಿಂದ ನಾವು ನಾಲ್ಕು ಜನ ಟೆಂಪೊ ಟ್ರಾವೆಲರಿನಲ್ಲೇ ಇದ್ದೇವೆ. ಮಗಳಿಗೆ 15, ಮಗನಿಗೆ 13. ಜೊತೆಗೆ ನಾಲ್ಕು ವರ್ಷದ ಲ್ಯಾಬ್ರಡಾರ್ ನಾಯಿ, ಒಂದು ಬೆಕ್ಕು. ಯಜಮಾನರ ಕೆಲಸ ಲ್ಯಾಪ್‌ಟಾಪಿನಲ್ಲಿ. ಜೂನ್ ಹೊತ್ತಿಗೆ ಮಲೆನಾಡಿಗೆ ಬಂದು ಮಳೆಗಾಲವಿಡೀ ಆಗುಂಬೆ, ಜೋಗ, ಕೊಡಚಾದ್ರಿ ಸುತ್ತಬೇಕೆಂಬ ಆಸೆ. ಆದರೆ ಒಂದು ತಿಂಗಳಿಂದ ಮಗಳು ಸರಿಯಾಗಿ ಮಾತಾಡುತ್ತಿಲ್ಲ. ಪರದೆ ಎಳೆದುಕೊಂಡು ಮಲಗಿರುತ್ತಾಳೆ. ಅವಳ ಹತ್ತನೇ ತರಗತಿಗೆ ಏನು ಮಾಡುವುದು? ನಾಯಿ, ಬೆಕ್ಕಿಗೆ ಇಲ್ಲಿನ ಮಳೆ, ಕಾಡು ಒಗ್ಗೀತೇ?

ಉತ್ತರ: ನಾನು ಪಶುವೈದ್ಯೆ. ನಾಯಿ, ಬೆಕ್ಕಿನಿಂದಲೇ ಶುರುಮಾಡಬೇಕಿತ್ತು. ಆದರೆ ಮಗಳು ಪರದೆ ಎಳೆದುಕೊಂಡು ಮಲಗಿರುತ್ತಾಳೆ ಎಂಬ ಸಾಲು ಓದಿದ ಮೇಲೆ ಬೇರೆ ಯಾವ ಮಾತೂ ಮೊದಲು ಬರಲಿಲ್ಲ. ನಾನು, ನನ್ನ ಗಂಡ, ಇಬ್ಬರು ಮಕ್ಕಳು, ಬೊಗ್ಗ ಎಂಬ ನಾಟಿ ನಾಯಿ ಎರಡು ವರ್ಷ ಹೀಗೇ ಗಾಡಿಯಲ್ಲಿದ್ದವರು. ಒಂದು ಸಂಜೆ ಹೊಸನಗರದ ಹತ್ತಿರ ಶಾಲೆಯೊಂದರ ಮೈದಾನದಲ್ಲಿ ಗಾಡಿ ನಿಲ್ಲಿಸಿದ್ದೆವು. ಗಂಡ ಸ್ಟೋವಿನ ಮೇಲೆ ಅನ್ನಕ್ಕಿಟ್ಟಿದ್ದ. ಹದಿನಾಲ್ಕರ ಮಗಳು ಮೂರು ದಿನದಿಂದ ಹೂಂ, ಊಹೂಂ ಎರಡೇ ಮಾತು. ಊಟಕ್ಕೆ ಏನು ಬೇಕೇ ಎಂದು ಕೇಳಿದೆ. ‘ನಂಗೊಂದು ಬಾಗ್ಲು ಬೇಕಮ್ಮ. ಹಾಕ್ಕೊಂಡ್ರೆ ಹಾಕ್ದಂಗಿರ್ಬೇಕು’ ಎಂದಳು. ಮುನಿಸಿನಿಂದ ಆಡಿದ ಮಾತಲ್ಲ ಅದು, ಹಸಿವೆಯನ್ನು ಹೇಳಿಕೊಂಡ ಹಾಗಿತ್ತು. ನಮ್ಮ ಗಾಡಿಯಲ್ಲಿ ಸೀರೆಯಷ್ಟು ತೆಳ್ಳಗಿನ ಒಂದು ಪರದೆಯಿತ್ತು. ಅದರ ಆಚೆ ಅವಳು ಬಟ್ಟೆ ಬದಲಿಸಬೇಕು, ಅಳಬೇಕು, ಗೆಳತಿಯ ಜೊತೆ ಫೋನಿನಲ್ಲಿ ಪಿಸುಗುಡಬೇಕು. ಈಚೆ ನಾವು ಮೂರು ಜನ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆವು.

ಹಾಗಾಗಿ ನನ್ನ ಸಲಹೆ ಇಷ್ಟು: ಮಲೆನಾಡಿಗೆ ಖಂಡಿತ ಬನ್ನಿ, ಆದರೆ ಮಳೆಗಾಲದಲ್ಲಿ ಸುತ್ತಬೇಡಿ, ನಿಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದು ಮನೆ ಹಿಡಿಯಿರಿ.

ಈ ಸೀಮೆಗೆ ತಿರುಗಾಟ ಹೊಸದಲ್ಲ. ಯಕ್ಷಗಾನ ಮೇಳಗಳು ದೀಪಾವಳಿ ಕಳೆದು ಹೊರಟರೆ ಮೇ ಕೊನೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಹೆಗ್ಗೋಡಿನ ನೀನಾಸಂ 1985ರಿಂದ ‘ತಿರುಗಾಟ’ ಎಂಬ ಹೆಸರಿನಲ್ಲೇ ಊರೂರಿಗೆ ನಾಟಕ ಒಯ್ಯುತ್ತಿದೆ. ಮಳೆಗಾಲದಲ್ಲಿ ಅವರದು ತಾಲೀಮು, ಪ್ರಯಾಣ ಮಳೆ ಹಿಂದಾದ ಮೇಲೆ. ಊರೂರು ಸುತ್ತುವ ಸನ್ಯಾಸಿಗಳು ಚಾತುರ್ಮಾಸ್ಯಕ್ಕೆ ಒಂದೇ ಕಡೆ ಕೂರುತ್ತಾರೆ. ಅಡಿಕೆ ಕೊಯ್ಲಿಗೆ ಘಟ್ಟದ ಕೆಳಗಿನಿಂದ ಬರುತ್ತಿದ್ದ ಆಳುಗಳು ತೋಟದಂಚಿನಲ್ಲಿ ಬಿಡಾರ ಹೂಡಿ, ಒಲೆ ಹಾಕಿ, ಹಂಗಾಮು ಮುಗಿಯುವವರೆಗೆ ಅಲ್ಲೇ ಇರುತ್ತಿದ್ದರು. ತಿರುಗಿಯೇ ಬದುಕುವವರೆಲ್ಲ ನಿಲ್ಲುವ ಕಾಲವನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರು. ನಾವು ಮೊದಲ ವರ್ಷ ಹಾಗೆ ಮಾಡಲಿಲ್ಲ. ಜುಲೈ ತಿಂಗಳಲ್ಲಿ ಹದಿನಾರು ದಿನಕ್ಕೆ ಒಂಬತ್ತು ಕಡೆ ಗಾಡಿ ನಿಲ್ಲಿಸಿದ್ದೆವು. ಹಾಸಿಗೆಯ ಅಡಿ ಬೂಷ್ಟು ಹಿಡಿಯಿತು, ಮಗನ ಕಾಲ್ಬೆರಳ ಸಂದಿ ಕೊಳೆಯಿತು, ಬೊಗ್ಗನ ಕಿವಿಯಿಂದ ಕೆಟ್ಟ ವಾಸನೆ ಬರತೊಡಗಿತು. ಎರಡನೇ ವರ್ಷ ಸಾಗರದ ಹೊರವಲಯದಲ್ಲಿ ನಾಲ್ಕು ತಿಂಗಳಿಗೆ ಹಳೇ ಹೆಂಚಿನ ಮನೆಯ ಒಂದು ಭಾಗ ಹಿಡಿದೆವು. ಮಗಳು ಮೊದಲ ದಿನವೇ ಹೋಗಿ ಒಂದು ಕೋಣೆಯ ಬಾಗಿಲ ಚಿಲಕ ಸರಿಯಿದೆಯೇ ಎಂದು ಮೂರು ಸಲ ಹಾಕಿ ತೆಗೆದು ನೋಡಿದಳು.

ಎಲ್ಲಿ ಹಿಡಿಯಬೇಕು? ಆಗುಂಬೆಯಲ್ಲಿ ಬೇಡ. ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ ಬೀಳುವ ಊರು ಅದು. ಅಲ್ಲಿಂದ 90 ಕಿ.ಮೀ. ದೂರದ ಶಿವಮೊಗ್ಗ ಪಟ್ಟಣದಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ. ತೀರ್ಥಹಳ್ಳಿ, ಸಾಗರ, ಹೊಸನಗರ ಮಳೆಯ ಲೆಕ್ಕದಲ್ಲಿ ಇವೆರಡರ ನಡುವಿನವು. ನಿಮ್ಮ ಮನೆಗೆ ನಾನು ಸಾಗರವನ್ನೇ ಹೇಳುತ್ತೇನೆ, ಅದೂ ಮಗಳ ಕಾರಣಕ್ಕೆ. ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರಾತ್ರಿ ರೈಲು ಸಾಗರ ಜಂಬಗಾರು ನಿಲ್ದಾಣದಲ್ಲಿ ನಿಂತು ಬೆಂಗಳೂರಿನ ಮೇಲೆ ಹೋಗುತ್ತದೆ. ರಾತ್ರಿ ಹತ್ತಿದರೆ ಬೆಳಗಾಗುವುದರೊಳಗೆ ಅವಳು ತನ್ನ ಹಳೇ ಗೆಳತಿಯರ ಊರಿನಲ್ಲಿರಬಹುದು, ಗೆಳತಿಯರೂ ಬರಬಹುದು. ತಿಂಗಳಿಗೊಮ್ಮೆ ಯಾರಾದರೂ ಜೊತೆಗೆ ಹೋಗಿ ಬಿಟ್ಟುಬನ್ನಿ. ಹೆಗ್ಗೋಡು ಹತ್ತಿರ, ನಾಟಕ, ಸಿನಿಮಾ, ಪುಸ್ತಕಗಳ ನಡುವೆ ತನ್ನ ವಯಸ್ಸಿನವರನ್ನು ಕಾಣಬಹುದು. ಹದಿನೈದರ ಹುಡುಗಿಗೆ ಜಲಪಾತಕ್ಕಿಂತ ಹೆಚ್ಚು ಬೇಕಾಗಿರುವುದು ನಾಳೆಯೂ ಸಿಗುವ ಅದೇ ಮುಖಗಳು.

ಮನೆ ನೋಡಲು ಹೋದಾಗ ಗೋಡೆ, ಬಣ್ಣ ಬಿಟ್ಟುಬಿಡಿ. ಬಚ್ಚಲಿಗೆ ಹೋಗಿ, ಒಲೆ ಇದೆಯೇ ನೋಡಿ. ಹಂಡೆಯ ಒಲೆ ಇದ್ದರೆ ನಿಮ್ಮ ಅರ್ಧ ಮಳೆಗಾಲ ಗೆದ್ದ ಹಾಗೆ. ಮೇಲೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹಾಕಬಹುದು, ನಾಯಿಯ ಟವೆಲು ಒಣಗುತ್ತದೆ. ಆಟಿಯ ಜೋರು ಮಳೆಯಲ್ಲಿ ಬಟ್ಟೆಗೆಲ್ಲ ಹೊಗೆಯ ವಾಸನೆ ಹತ್ತಿರುತ್ತದೆ, ಮಕ್ಕಳು ಒಂದು ವಾರ ಮೂಗು ಮುರಿದು ಆಮೇಲೆ ಮರೆಯುತ್ತಾರೆ. ನೆಟ್‌ವರ್ಕ್ ಪರೀಕ್ಷೆಯನ್ನು ಬಿಸಿಲಲ್ಲಿ ಮಾಡಬೇಡಿ. ಮಳೆ ಹೊಡೆಯುತ್ತಿರುವಾಗ, ಕರೆಂಟು ಹೋಗಿ ಎರಡು ಗಂಟೆ ಕಳೆದ ಮೇಲೆ ಅಲ್ಲಿ ನಿಂತು ಯಜಮಾನರಿಗೆ ಒಂದು ವಿಡಿಯೊ ಕಾಲ್ ಮಾಡಿ ನೋಡಿ. ನಮ್ಮ ಕಡೆ ಎಷ್ಟೋ ಟವರುಗಳು ಕರೆಂಟಿನ ಹಿಂದೆಯೇ ಹೋಗುತ್ತವೆ. ಎರಡು ಕಂಪನಿಯ ಸಿಮ್ ಇರಲಿ, ಇನ್ವರ್ಟರ್ ಇರಲಿ. ಗಾಡಿಯನ್ನು ಕೊಟ್ಟಿಗೆಯ ಮಾಡಿನಡಿಗೋ ಶೆಡ್ಡಿಗೋ ಸೇರಿಸಿ, ವಾರಕ್ಕೆರಡು ಸಲ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ ನೋಡಿ. ಮಳೆಗೆ ಬೆಚ್ಚಗಿನ ಜಾಗ ಹುಡುಕುವ ಇಲಿಗಳು ವೈರು ಕಡಿಯುತ್ತವೆ. ಒಳಗೆ ಮಂಚ, ಒಲೆ ಕೂರಿಸಿದ್ದನ್ನು ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಿದ್ದೀರಾ? ಇಲ್ಲವಾದರೆ ಇದೇ ನಾಲ್ಕು ತಿಂಗಳಲ್ಲಿ ಅದನ್ನು ಮುಗಿಸಿ, ಅಪಘಾತವಾದ ದಿನ ವಿಮೆಯವರು ಕೇಳುವ ಮೊದಲ ಕಾಗದ ಅದು.

ಮಳೆ ಹೊಳವಾದ ದಿನ ಹೊರಡಿ, ಸಂಜೆಗೆ ಮನೆಗೆ ಬನ್ನಿ. ಸಾಗರದಿಂದ ಜೋಗ ಒಂದು ಗಂಟೆಯೊಳಗಿನ ದಾರಿ. ಸಿಗಂದೂರಿಗೆ ಈಗ ಲಾಂಚಿಗಾಗಿ ನಾಯಿ ಕಟ್ಟಿಕೊಂಡು ಸಾಲಿನಲ್ಲಿ ಕಾಯಬೇಕಿಲ್ಲ, 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಸೇತುವೆ ಸಂಚಾರಕ್ಕೆ ತೆರೆಯಿತು. ಆಗುಂಬೆ ಘಾಟಿಯಲ್ಲಿ ಮಳೆಗಾಲಕ್ಕೆ ಭಾರಿ ವಾಹನ ನಿಲ್ಲಿಸುವುದುಂಟು, ಹೊರಡುವ ದಿನ ಜಿಲ್ಲಾಡಳಿತದ ಆದೇಶ ನೋಡಿಕೊಳ್ಳಿ. ಮಗನಿಗೆ ಹಳ್ಳದ ವಿಷಯವನ್ನು ಕೂರಿಸಿಕೊಂಡು ಹೇಳಿ. ನೀವು ನಿಂತ ಕಡೆ ಬಿಸಿಲಿದ್ದು, ಮೇಲೆ ಗುಡ್ಡದಲ್ಲಿ ಮಳೆ ಬಿದ್ದಿರುತ್ತದೆ. ಮೊಣಕಾಲಿಗೆ ಇದ್ದ ನೀರು ಮಾತಾಡುತ್ತಿರುವಾಗಲೇ ಸೊಂಟಕ್ಕೆ ಬರುತ್ತದೆ. ಕೆಂಪು ನೀರು ಕಂಡರೆ ದಡ ಹತ್ತಬೇಕು, ಮೊಬೈಲು ಬಿದ್ದರೂ ಸರಿ.

ಹತ್ತನೇ ತರಗತಿ ನೀವು ಹೆದರಿದಷ್ಟು ಕಷ್ಟದ್ದಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, 14 ತುಂಬಿದವರನ್ನು ಹತ್ತನೇ ತರಗತಿಗೆ ಸೇರಿಸಿಕೊಳ್ಳುತ್ತದೆ. ನೋಂದಣಿ 5 ವರ್ಷ ಊರ್ಜಿತ, ಅಷ್ಟರೊಳಗೆ 9 ಸಲ ಪರೀಕ್ಷೆಗೆ ಕೂರುವ ಅವಕಾಶ. ವರ್ಷಕ್ಕೆ ಎರಡು ಬಾರಿ ಪರೀಕ್ಷೆ: ಏಪ್ರಿಲ್-ಮೇ, ಅಕ್ಟೋಬರ್-ನವೆಂಬರ್. ಎಲ್ಲ ವಿಷಯಗಳನ್ನೂ ಒಮ್ಮೆಗೇ ಬರೆಯಬೇಕಿಲ್ಲ. ಎರಡು ಈಗ, ಮೂರು ಆಮೇಲೆ ಎಂದು ಹಂಚಿಕೊಳ್ಳಬಹುದು. ನಮ್ಮ ಮಗಳು ಹಾಗೆಯೇ ಬರೆದಳು. ಆದರೆ ಒಂದು ಮಾತು: ಅಧ್ಯಯನ ಕೇಂದ್ರವನ್ನು ಆರಿಸುವಾಗ ಎಲ್ಲಿರುತ್ತೇವೆಂದು ಯೋಚಿಸಿ. ಅಸೈನ್‌ಮೆಂಟ್, ಪ್ರಾಕ್ಟಿಕಲ್‌ಗಳಿಗೆ ಅಲ್ಲಿಗೆ ಹೋಗಬೇಕಾಗುತ್ತದೆ, ಬೆಂಗಳೂರಿನ ಕೇಂದ್ರ ಇಟ್ಟುಕೊಂಡು ಸಾಗರದಲ್ಲಿ ಕೂತರೆ ಪ್ರತಿಸಲವೂ ರೈಲು ಹತ್ತಬೇಕು. ಮುಂದೆ ಪಿಯುಸಿಗೆ ಸೇರುವುದಾದರೆ ವಲಸೆ ಪ್ರಮಾಣಪತ್ರವನ್ನು ಫಲಿತಾಂಶದ ಬೆನ್ನಲ್ಲೇ ತೆಗೆದಿಟ್ಟುಕೊಳ್ಳಿ. ಮುಖ್ಯವಾಗಿ, ಇದನ್ನೆಲ್ಲ ಮಗಳ ಎದುರಿಗೆ ಹರವಿ, ಶಾಲೆಗೇ ಹೋಗುತ್ತೇನೆ ಎಂದರೆ ಆ ಮಾತಿಗೂ ಜಾಗ ಕೊಡಿ. ಮನೆ ಬಿಡುವ ನಿರ್ಧಾರದಲ್ಲಿ ಅವಳನ್ನು ಕೇಳಿದ್ದಿರೋ ಇಲ್ಲವೋ ಪತ್ರದಲ್ಲಿಲ್ಲ. ಕೇಳಿರದಿದ್ದರೆ ಈ ಒಂದು ತಿಂಗಳ ಮೌನಕ್ಕೆ ಬೇರೆ ಕಾರಣ ಹುಡುಕಬೇಡಿ.

ಇನ್ನೊಂದು ವಿಷಯ, ಯಾರೂ ಬರೆಯುವುದಿಲ್ಲವೆಂದು ನಾನು ಬರೆಯುತ್ತೇನೆ. ಇಲ್ಲಿ ಆದರದಿಂದ ಮನೆಗೆ ಕರೆದು ಉಳಿಸಿಕೊಳ್ಳುವವರು ಬಹಳ. ಅವರಲ್ಲಿ ಕೆಲವು ಮನೆಗಳಲ್ಲಿ ಮುಟ್ಟಿನ ಮೂರು ದಿನ ಹೊರಗಿರುವ ಪದ್ಧತಿ ಇನ್ನೂ ಇದೆ. ಊಟಕ್ಕೆ ಕೂತ ಹೊತ್ತಿನಲ್ಲಿ ಮಗಳಿಗೆ ಯಾರೋ ಅದನ್ನು ಹೇಳುವಂತಾಗಬಾರದು. ಉಳಿಯಲು ಒಪ್ಪುವ ಮೊದಲೇ ಮನೆಯ ಹೆಂಗಸರ ಹತ್ತಿರ ನೀವೇ ಮಾತಾಡಿಕೊಳ್ಳಿ, ಒಗ್ಗದಿದ್ದರೆ ವಿನಯದಿಂದ ಗಾಡಿಯಲ್ಲೇ ಮಲಗುತ್ತೇವೆ ಎನ್ನಿ. ಆ ದಿನಗಳಲ್ಲಿ ನನ್ನ ಮಗಳಿಗೆ ನೀರು, ಬಾಗಿಲಿರುವ ಬಚ್ಚಲು ಎರಡೂ ಇರುವ ಕಡೆಯೇ ಗಾಡಿ ನಿಲ್ಲಿಸುವುದು ನಮ್ಮ ಮನೆಯಲ್ಲಿ ಡೀಸೆಲ್ ತುಂಬಿಸಿದಷ್ಟೇ ಕಡ್ಡಾಯದ ಲೆಕ್ಕವಾಗಿತ್ತು.

ಈಗ ನಾಯಿ, ಬೆಕ್ಕು. ಮಳೆಗಿಂತ ನನಗೆ ಹೆಚ್ಚಿನ ಭಯ ಮಳೆ ಹೋದ ಮೇಲಿನ ತಿಂಗಳುಗಳದು. ಡಿಸೆಂಬರ್‌ನಿಂದ ಮೇವರೆಗೆ, ಎಲ್ಲರೂ ಚಾರಣಕ್ಕೆ ಚೆನ್ನ ಎನ್ನುವ ಕಾಲದಲ್ಲೇ, ನಮ್ಮ ಕಾಡಿನ ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಗಳಲ್ಲಿ, ರಕ್ತ ಹೀರುವ ಮರಿ ಉಣುಗುಗಳು (ಉಣ್ಣೆಹುಳಗಳು) ಇರುತ್ತವೆ. ಎಳ್ಳು ಕಾಳಿನಷ್ಟೂ ಇರುವುದಿಲ್ಲ ಅವು. ಮಂಗನ ಕಾಯಿಲೆ ಹರಡುವುದು ಅವುಗಳಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತಿಸಿದ ಕಾಯಿಲೆ, ಅದಕ್ಕೇ ವೈದ್ಯರು ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎನ್ನುತ್ತಾರೆ. ನಾಯಿ ಈ ಕಾಯಿಲೆಯಿಂದ ಮಲಗುವುದಿಲ್ಲ, ಆದರೆ ಉಣುಗನ್ನು ಮೈಮೇಲೆ ಹೊತ್ತು ಮಕ್ಕಳ ಹಾಸಿಗೆಗೆ ತರಬಲ್ಲದು. ಆದ್ದರಿಂದ ಆ ತಿಂಗಳುಗಳಲ್ಲಿ ನಾಯಿಯನ್ನು ಕಾನಿಗೆ, ಅಂದರೆ ದಟ್ಟ ಕಾಡಿಗೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಕ್ಕೆ ಬಿಡಬೇಡಿ. ಊರಲ್ಲಿ ಮಂಗ ಸತ್ತಿದೆಯೆಂದು ಕೇಳಿದರೆ ಆ ದಿಕ್ಕಿಗೇ ಹೋಗಬೇಡಿ, ನೀವೇ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಯಿಲೆ ಇರುವ ಕಡೆ ಆರೋಗ್ಯ ಇಲಾಖೆಯವರು ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಹಂಚುತ್ತಾರೆ, ಅದು ನಿಮ್ಮ ಕೈಕಾಲಿಗೆ, ನಾಯಿಗಲ್ಲ. ಕಾಡಿಗೆ ಹೋಗಿ ಬಂದ ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನುಲಿಯುವ ನೋವು ಬಂದರೆ ಮಾತ್ರೆ ನುಂಗಿ ಕಾಯಬೇಡಿ. ಕಾಡಿಗೆ ಹೋಗಿದ್ದೆವೆಂದು ಡಾಕ್ಟರಿಗೆ ಮೊದಲೇ ಹೇಳಿ.

ಪ್ರತಿ ಸಂಜೆ ನಾಯಿಯ ಮೈ ನೋಡುವ ಕೆಲಸವನ್ನು ಮಗನಿಗೆ ಕೊಡಿ. ಕಿವಿಯ ಮಡಿಕೆ, ಕೊರಳಪಟ್ಟಿಯ ಅಡಿ, ಕಂಕುಳು, ಬೆರಳ ಸಂದಿ ಇವು ನಾಲ್ಕು ಜಾಗ. ಉಣುಗು ಕಂಡರೆ ಚಿಮುಟದಿಂದ ಚರ್ಮದ ಬುಡಕ್ಕೆ ಹಿಡಿದು ನೇರ ಎಳೆಯಬೇಕು, ಉಗುರಲ್ಲಿ ಹಿಸುಕಬಾರದು. ಉಣುಗಿಗೆಂದು ನಾಯಿಗೆ ತಿನ್ನಿಸುವ ಮಾತ್ರೆಗಳಿವೆ, ತೂಕ ನೋಡಿ ವೈದ್ಯರಿಂದ ಬರೆಸಿಕೊಳ್ಳಿ. ನಿಮಗೆ ನಾನು ಮಾತ್ರೆಯನ್ನೇ ಹೇಳುವುದಕ್ಕೆ ಕಾರಣ ನಿಮ್ಮ ಬೆಕ್ಕು. ನಾಯಿಯ ಬೆನ್ನಿಗೆ ಹಾಕುವ ಕೆಲವು ಹನಿಮದ್ದುಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿಗೆ ಅದು ಏನೂ ಮಾಡುವುದಿಲ್ಲ, ಬೆಕ್ಕಿಗೆ ವಿಷ. ನಿಮ್ಮಂತೆಯೇ ಗಾಡಿಯಲ್ಲಿ ಬಂದ ಕುಟುಂಬವೊಂದು ಒಂದು ಬೆಳಿಗ್ಗೆ ಟವೆಲಿನಲ್ಲಿ ಸುತ್ತಿದ ಬೆಕ್ಕನ್ನು ನನ್ನ ಮೇಜಿನ ಮೇಲೆ ಇಟ್ಟಿತು. ಕಿವಿ ಅದುರುತ್ತಿತ್ತು, ಆಮೇಲೆ ಮೈಯೆಲ್ಲ ಸೆಟೆಯಿತು. ಬೆಕ್ಕಿಗೆ ಏನೂ ಹಾಕಿಲ್ಲ ಎಂದರು. ಹಿಂದಿನ ರಾತ್ರಿ ಹಾಕಿದ್ದು ನಾಯಿಗೆ. ಚಳಿಗೆ ಬೆಕ್ಕು ನಾಯಿಯ ಬೆನ್ನಿಗೆ ಒರಗಿ ಮಲಗಿತ್ತು, ಬೆಳಿಗ್ಗೆ ತನ್ನ ಮೈ ನೆಕ್ಕಿಕೊಂಡಿತ್ತು. ಪಾತ್ರೆ ತೊಳೆಯುವ ಸೋಪಿನಿಂದ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಔಷಧ ಕೊಟ್ಟು, ಸಂಜೆಯವರೆಗೆ ಹಿಡಿದುಕೊಂಡೇ ಕೂತೆವು. ಆ ಬೆಕ್ಕು ಉಳಿಯಿತು. ಗಾಡಿಯೆಂದರೆ ಎಲ್ಲರೂ ಒಂದೇ ಹಾಸಿಗೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ನಾಯಿ ತೊಳೆಯುವ ಅಮಿಟ್ರಾಜ್ ದ್ರಾವಣವನ್ನೂ ಬೆಕ್ಕಿನ ಹತ್ತಿರ ತರಬೇಡಿ.

ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ, ಸಹಜ. ಕಾಲಿಗೆ ಹತ್ತಿದ್ದಕ್ಕೆ ಉಪ್ಪು ಸಾಕು. ಆದರೆ ನಾಯಿ ಪದೇ ಪದೇ ಸೀನುತ್ತ ಒಂದೇ ಹೊಳ್ಳೆಯಲ್ಲಿ ರಕ್ತ ಬಂದರೆ ಒಳಗೆ ಉಂಬಳ ಇರಬಹುದು, ನೀವೇ ಕೆದಕದೆ ಆಸ್ಪತ್ರೆಗೆ ತನ್ನಿ. ನಿಂತ ನೀರು ಕುಡಿಯಲು ಬಿಡಬೇಡಿ, ಗದ್ದೆ ಬಯಲಿನಲ್ಲಿ ಇಲಿಜ್ವರ ಇದೆ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ದಿನ ನಾಯಿ ಮನೆಯೊಳಗಿರಲಿ, ಬೋರ್ಡೊ ಡ್ರಮ್ಮಿನ ತಿಳಿನೀಲಿ ನೀರು ಅದಕ್ಕೆ ಬರೀ ನೀರಾಗಿ ಕಾಣುತ್ತದೆ, ಅದರಲ್ಲಿರುವುದು ಮೈಲುತುತ್ತ. ಗದ್ದೆ, ತೋಟದ ಬೇಲಿಯಂಚಿನಲ್ಲಿ ಹಗ್ಗ ಬಿಚ್ಚಲೇಬೇಡಿ. ಹಂದಿಗೆಂದು ಕಟ್ಟಿದ ಉರುಳಿಗೆ, ಕದ್ದು ಇಟ್ಟ ಸಿಡಿಮದ್ದಿಗೆ ಸಿಕ್ಕ ನಾಯಿಗಳನ್ನು ನಾನು ಹೊಲಿದಿದ್ದೇನೆ, ಕೆಲವನ್ನು ಹೊಲಿಯಲಾಗಲಿಲ್ಲ. ರಾತ್ರಿ ಹೊರಗೆ ಕಟ್ಟಿಹಾಕುವ ಮಾತೇ ಇಲ್ಲ. ಇಲ್ಲಿನ ಚಿರತೆಗೆ ಕಟ್ಟಿದ ನಾಯಿಯಷ್ಟು ಸುಲಭದ ಊಟ ಬೇರೆಯಿಲ್ಲ, ಅಂಗಳದಲ್ಲಿ ದೀಪ ಉರಿಯುತ್ತಿದ್ದರೂ ಬರುತ್ತದೆ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ನಾಯಿ ಕರೆದೊಯ್ಯುವಂತಿಲ್ಲ, ಗೇಟಿನಲ್ಲಿ ವಾದ ಮಾಡಬೇಡಿ. ನಾಯಿಯಿಂದ ಕಾಡುಪ್ರಾಣಿಗೆ ದಾಟುವ ರೋಗಗಳಿವೆ. 2018ರಲ್ಲಿ ಗಿರ್ ಕಾಡಿನ ಸಿಂಹಗಳು ಸತ್ತಾಗ ಅವುಗಳಲ್ಲಿ ಕಂಡದ್ದು ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್. ಹಾಗಾಗಿ ಅಂಥ ಕಡೆ ಇಬ್ಬರು ಹೋಗಿ, ಇಬ್ಬರು ನಾಯಿಯ ಜೊತೆ ಉಳಿಯಬೇಕು. ಮೊದಮೊದಲು ನನಗೆ ಇದು ನಷ್ಟ ಅನ್ನಿಸುತ್ತಿತ್ತು. ಆಮೇಲೆ ನೋಡಿದರೆ, ಗಂಡ, ಮಗ ಕೊಡಚಾದ್ರಿ ಹತ್ತಿದ ದಿನ ನಾನು, ಮಗಳು, ಬೊಗ್ಗ ಕೆಳಗೆ ಉಳಿದು ಒಂದು ಅಂಗಡಿಯ ಬೆಂಚಿನ ಮೇಲೆ ಕೂತು ನಾಲ್ಕು ಗಂಟೆ ಮಾತಾಡಿದ್ದೆವು. ನಾಲ್ಕೂ ಜನ ಸದಾ ಒಟ್ಟಿಗಿರುವ ಬದುಕಿನಲ್ಲಿ ಇಬ್ಬರೇ ಇರುವ ಹೊತ್ತು ಅಪರೂಪ.

ಬೆಕ್ಕಿಗೆ ಗಾಡಿಯೇ ಈಗ ಮನೆ. ಬಾಡಿಗೆ ಮನೆಗೆ ಬಂದ ಮೇಲೆ ಮೂರು ವಾರ ಹೊರಗೆ ಬಿಡಬೇಡಿ, ಗಾಡಿಯಲ್ಲಿ ಅದು ಮಲಗುತ್ತಿದ್ದ ಬಟ್ಟೆಯನ್ನು ತೊಳೆಯದೆ ಹಾಗೇ ತಂದು ಮೂಲೆಗೆ ಹಾಕಿ. ನಾಯಿ, ಬೆಕ್ಕು ಎರಡಕ್ಕೂ ರೇಬೀಸ್ ಲಸಿಕೆ ತಪ್ಪಬಾರದು. ಮಕ್ಕಳಿಗೆ ಯಾವ ನಾಯಿ ಕಚ್ಚಿದರೂ, ಪರಚಿದರೂ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ಮೇ ಮೊದಲ ವಾರ ನೀವು, ಮಗಳು ಇಬ್ಬರೇ ರೈಲಿನಲ್ಲಿ ಬನ್ನಿ, ಗಾಡಿ, ಗಂಡಸರು, ನಾಯಿ, ಬೆಕ್ಕು ಆಮೇಲೆ ಬರಲಿ. ಮೂರ್ನಾಲ್ಕು ಮನೆ ನೋಡಿ, ಯಾವುದು ಎಂಬುದನ್ನು ಅವಳೇ ಹೇಳಲಿ, ತನ್ನ ಕೋಣೆಯನ್ನೂ ಅವಳೇ ಮೊದಲು ಆರಿಸಿಕೊಳ್ಳಲಿ. ಹೊರಡುವ ಮುಂಚೆ ಲ್ಯಾಬ್ರಡಾರಿನ ಲಸಿಕೆ ಪುಸ್ತಕ ತೆಗೆದು ಇಲಿಜ್ವರದ ಲಸಿಕೆಯ ತಾರೀಕು ನೋಡಿ. ವರ್ಷ ದಾಟಿದ್ದರೆ ಈ ತಿಂಗಳೇ ಹಾಕಿಸಿ, ಮಳೆ ಹಿಡಿಯುವ ಹೊತ್ತಿಗೆ ಅದರ ಮೈಗೆ ಶಕ್ತಿ ಬಂದಿರುತ್ತದೆ.